ನಾಮಾನನ ಬೇಡಿಕೆ ಮತ್ತು ಭಾಯಾಗಡ: ನಿಷ್ಠೆ–ಹೊಂದಾಣಿಕೆಗಳ ಕುರಿತು

ಹಳೆಯ ಒಡಂಬಡಿಕೆಯ ಎರಡನೆಯ ಅರಸುಗಳ ಗ್ರಂಥದ 5ನೇ ಅಧ್ಯಾಯದಲ್ಲಿ ಬರುವ ನಾಮಾನನ ಪ್ರಸಂಗ ಜಾನಪದದ ವಿದ್ಯಾರ್ಥಿಗೆ ಅಪರಿಚಿತವೆನಿಸುವುದಿಲ್ಲ. ಅರಾಮ್ ದೇಶದ ಈ ಸೇನಾಪತಿ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಕುಷ್ಠದಿಂದ ಪಾರಾಗುತ್ತಾನೆ. ಇನ್ನು ಇಸ್ರಾಯೇಲರ ದೇವರಿಗಲ್ಲದೆ ಅನ್ಯರಿಗೆ ಬಲಿಯರ್ಪಿಸುವುದಿಲ್ಲವೆಂದು ನುಡಿದು, ಎರಡು ಹೇಸರಗತ್ತೆ ಹೊರುವಷ್ಟು ಆ ನೆಲದ ಮಣ್ಣನ್ನು ಕೇಳುತ್ತಾನೆ. ಅದರ ಬೆನ್ನಿಗೇ ಇನ್ನೊಂದು ಬೇಡಿಕೆ: ಒಡೆಯನು ತನ್ನ ಕೈಯೂರಿ ರಿಮ್ಮೋನನ ಗುಡಿಯಲ್ಲಿ ಬಾಗುವಾಗ ತಾನೂ ಬಾಗಬೇಕಾಗುತ್ತದೆ, ಅದಕ್ಕೆ ಕ್ಷಮೆಯಿರಲಿ. ಪ್ರವಾದಿ ಎಲೀಷ ಗದರಿಸದೆ ಅವನನ್ನು ಬೀಳ್ಕೊಡುತ್ತಾನೆ. ಯೆಹೋವನೋ ಬಾಳನೋ ಒಬ್ಬನನ್ನು ಆರಿಸಿಕೊಳ್ಳಿರೆಂದು ಕರ್ಮೆಲ್ ಬೆಟ್ಟದಲ್ಲಿ ಜನರನ್ನು ನಿಲ್ಲಿಸಿ ಕೇಳಿದ ಎಲೀಯನ ಶಿಷ್ಯನೇ ಈತ ಎಂಬುದು ಗಮನಾರ್ಹ.

ಇದೇ ಪ್ರಶ್ನೆಯನ್ನು ನಾನು ಮೊದಲು ಎದುರಿಸಿದ್ದು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಸುತ್ತಲಿನ ಬಂಜಾರ ತಾಂಡಾಗಳಲ್ಲಿ. ಬಂಜಾರರ ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಇಂದಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಭಾಯಾಗಡದಲ್ಲಿ ಜನಿಸಿದರೆಂಬುದು ಸಮುದಾಯದ ನಂಬಿಕೆ. ಮರಿಯಮ್ಮ ತನ್ನ ಭಕ್ತನಾಗೆಂದು ಬಾಲಕ ಸೇವಾಲಾಲನನ್ನು ಕರೆದಳು, ಆತ ಒಪ್ಪಲಿಲ್ಲ, ದೇವಿ ತಾಂಡಾಕ್ಕೆ ಕಷ್ಟಗಳನ್ನು ತಂದೊಡ್ಡಿದಳು, ಕಡೆಗೆ ಆತ ಮಣಿದನು. ಪಾಠಾಂತರಗಳು ಹಲವಿದ್ದರೂ ಕಥೆಯ ಹಂದರವಿಷ್ಟು. ಮಣಿದರೂ ಸೇವಾಲಾಲರು ಮಾಂಸವನ್ನು ಸ್ವೀಕರಿಸಲಿಲ್ಲ. ಇಂದಿಗೂ ತಾಂಡಾಗಳಲ್ಲಿ ಸೇವಾಲಾಲರಿಗೆ ಬೆಲ್ಲ, ತುಪ್ಪಗಳ ಸಿಹಿ ಭೋಗ್; ಪಕ್ಕದ ಮರಿಯಮ್ಮನಿಗೆ ಹೋತ.

ದವಸ, ಉಪ್ಪುಗಳನ್ನು ಎತ್ತುಗಳ ಮೇಲೆ ಹೇರಿ ನಡೆದ ಈ ಜನ ದಾರಿಯುದ್ದಕ್ಕೂ ಎಷ್ಟು ಊರುಗಳ ಗಡಿ ದಾಟಬೇಕಿತ್ತು, ಎಷ್ಟು ಗಡಿದೇವತೆಗಳ ಮುನಿಸಿಗೆ ಅಂಜಬೇಕಿತ್ತು ಎಂಬುದನ್ನು ನೆನೆದರೆ ಕಥೆಯ ಹಿಂದಿನ ಚರಿತ್ರೆ ಮಸುಕಾಗಿ ಕಾಣುತ್ತದೆ. ರಸ್ತೆ, ರೈಲುಗಳು ಆ ವ್ಯಾಪಾರವನ್ನು ಕಿತ್ತುಕೊಂಡವು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಕಾಲದಲ್ಲಿ ಅಲೆಯುವುದೇ ಅನುಮಾನಕ್ಕೆ ಕಾರಣವಾಯಿತು. ನೆಲೆನಿಂತ ಊರಿನ ಅಮ್ಮನನ್ನು ಒಪ್ಪದೆ ಅಲ್ಲಿ ಬಾಳುವುದು ಸುಲಭವಿರಲಿಲ್ಲ.

ಹಿಂದೊಮ್ಮೆ ನನ್ನ ಸಂಶೋಧನ ಪ್ರಬಂಧದಲ್ಲಿ ಈ ಇಬ್ಬಗೆಯ ಆರಾಧನೆಯನ್ನು ‘ರಾಜಿ’ ಎಂದು ಬರೆದಿದ್ದೆ. ಪಂಡಿತರಿಗೆ ಇಂಥ ಪದಗಳು ಬೇಗ ಒದಗುತ್ತವೆ. ಆ ಮಾತನ್ನು ತಾಂಡಾದ ಹಿರಿಯ ಯಾಡಿಯೊಬ್ಬರಿಗೆ ವಿವರಿಸಿದಾಗ ಅವರು ಕೇಳಿದರು: “ಅಮ್ಮ ಮುನಿದರೆ ತಾಂಡಾ ಉಳಿಯುತ್ತಿತ್ತೇನು ಮೇಷ್ಟ್ರೇ? ಹಾಗಂತ ಸೇವಾಭಾಯಾನ ಮುಂದೆ ಮಾಂಸ ಇಟ್ಟಿದ್ದೇವೇನು?” ನಾಮಾನನ ಬೇಡಿಕೆಯಲ್ಲಿರುವ ತರ್ಕವೂ ಇದೇ. ಬಾಗಬೇಕಾದ ಜಾಗವನ್ನು ಅವನು ಬಚ್ಚಿಡಲಿಲ್ಲ. ಬಲಿಯ ಮಾತಿನಲ್ಲಿ ಮಾತ್ರ ತುಸುವೂ ಸಡಿಲಿಸಲಿಲ್ಲ.

ಆದರೆ ಈಗ ಎಲೀಯನ ಪಕ್ಷವೂ ತಾಂಡಾದೊಳಗೇ ಹುಟ್ಟಿದೆ. ಜಯಂತಿಗೆ ಮುನ್ನ ಮಾಲೆ ಧರಿಸಿ ಭಾಯಾಗಡಕ್ಕೆ ಹೋಗುವ ಯುವಕರಲ್ಲಿ ಕೆಲವರು ಹೋತದ ಬಲಿಯನ್ನೇ ನಿಲ್ಲಿಸಬೇಕೆನ್ನುತ್ತಾರೆ. ಹಿರಿಯರು ಒಪ್ಪುವುದಿಲ್ಲ. ಅದೇ ಯಾಡಿಯ ಮೊಮ್ಮಗ ಅಮ್ಮನ ಹಬ್ಬದ ದಿನ ಬೆಳಿಗ್ಗೆಯೇ ಮನೆಬಿಟ್ಟು ನಾಲೆಯ ಏರಿಯ ಮೇಲೆ ಹೋಗಿ ಕೂರುತ್ತಾನೆ. ಸಂಜೆ ಹಿಂದಿರುಗುವ ವೇಳೆಗೆ ಅಜ್ಜಿ ಬೇರೆ ಒಲೆ ಹೂಡಿ, ಅವನ ಪಾಲಿನ ಸಿಹಿಯನ್ನು ಮುಚ್ಚಿಟ್ಟಿರುತ್ತಾರೆ.