ಮಾಗಿಯ ಚಳಿ ಮತ್ತು ತೊಂಬತ್ತು ನಂಬರ್ ಎಣ್ಣೆ

ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, 1884ರ ಜನವರಿ 13ರಂದು. ಆಗ ನಮ್ಮ ಯಡಿಯೂರು, ಕೆರೆ-ಹೊಲಗಳ ನಡುವಿನ ಹಳ್ಳಿ. ಇಲ್ಲಿ ಓಡುತ್ತಿದ್ದುದು ಎತ್ತಿನ ಗಾಡಿ, ಅದರ ಅಚ್ಚಿಗೆ ಹಚ್ಚುತ್ತಿದ್ದುದು ಕೀಲೆಣ್ಣೆ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕಪ್ಪು ಅಂಟು. ಎಣ್ಣೆ ಜಾರಿಸಲಿಕ್ಕೆ, ಮಸಿ ಅದು ಸೋರಿಹೋಗದಂತೆ ಹಿಡಿಯಲಿಕ್ಕೆ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಮೋಟಾರಿಗೆಂದು ಮಾರಿದ ಕ್ಯಾಸ್ಟ್ರಾಲ್‌ನಲ್ಲೂ ಹರಳೆಣ್ಣೆ ಇತ್ತು. ನಮ್ಮ ಗಾಡಿಯವರು ಅದನ್ನು ಯಾರಿಂದಲೂ ಕಲಿಯಬೇಕಿರಲಿಲ್ಲ.

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಊರೇ ನಮ್ಮ ಹಳ್ಳಿಯತ್ತ ನಡೆದು ಬಂತು. ಅದರ ಹಿಂದೆ ಅಂಬಾಸಿಡರ್, ಫಿಯಟ್ ಬಂದವು. ನಮ್ಮ ತಂದೆ ವರ್ಷಗಟ್ಟಲೆ ಕಾದು ಪಡೆದ ಪ್ರೀಮಿಯರ್ ಪದ್ಮಿನಿ ಈಗ ನನ್ನ ಪಾಲಿಗೆ ಬಂದಿದೆ. ಧನುರ್ಮಾಸದಲ್ಲಿ ನಸುಕಿಗೇ ಎದ್ದು ಬಸವನಗುಡಿಯ ದೇವಸ್ಥಾನಕ್ಕೆ ಹೊರಟರೆ, ಸೌತ್ ಎಂಡ್ ಸರ್ಕಲ್ ದಾಟುವವರೆಗೂ ಎರಡನೇ ಗೇರು ತಕರಾರು ಮಾಡುತ್ತದೆ.

ಈ ತಕರಾರಿಗೆ ಕಾರಣ ಸರಳ. ಪದ್ಮಿನಿಯಲ್ಲೂ ಹಳೇ ಅಂಬಾಸಿಡರ್‌ನಲ್ಲೂ ಒಂದನೇ ಗೇರಿಗೆ ಸಿಂಕ್ರೊ ಇಲ್ಲ, ಮೇಲಿನ ಮೂರಕ್ಕೆ ಮಾತ್ರ ಇದೆ. ಸಿಂಕ್ರೊ ಎಂದರೆ ಹಿತ್ತಾಳೆ ಜಾತಿಯ ಲೋಹದ ಬಳೆ. ಗೇರಿನ ಶಂಕುವಿಗೆ ಒತ್ತಿ, ನಡುವಿನ ಎಣ್ಣೆ ಒರೆಸಿ, ಎರಡರ ವೇಗವನ್ನೂ ಸಮ ಮಾಡುವುದು ಅದರ ಕೆಲಸ. ಎಣ್ಣೆ ತಣ್ಣಗೆ ಮಂದವಾಗಿದ್ದರೆ ಒರೆಸುವುದು ತಡ, ಬಳೆ ಜಾರುತ್ತದೆ, ಗೇರು ಕಿರ್ರೆನ್ನುತ್ತದೆ. ಸ್ವಲ್ಪ ದೂರ ಓಡಿ ಬಿಸಿಯಾದರೆ ತಾನೇ ಸರಿಹೋಗುತ್ತದೆ.

ಆ ಕಾಲದ ಗ್ಯಾರೇಜುಗಳಲ್ಲಿ ಗೇರ್ ಬಾಕ್ಸಿಗೆ ಸಿಗುತ್ತಿದ್ದುದು ಒಂದೇ ಎಣ್ಣೆ: ಬ್ಯಾರಲ್ಲಿನಿಂದ ಅಳೆದು ಕೊಡುತ್ತಿದ್ದ ಲೂಸ್ ಆಯಿಲ್, ತೊಂಬತ್ತು ನಂಬರ್. ಮೊದಲು ಬರ್ಮಾ ಷೆಲ್, ಎಸ್ಸೊ. 1972ರಲ್ಲಿ ಇಂಡಿಯನ್ ಆಯಿಲ್‌ನ ಸರ್ವೋ ಬಂತು. 1974ರಲ್ಲಿ ಎಸ್ಸೊ, 1976ರಲ್ಲಿ ಬರ್ಮಾ ಷೆಲ್ ಸರ್ಕಾರದ ಕೈಗೆ ಹೋದವು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ತೊಂಬತ್ತು ಬದಲಾಗಲಿಲ್ಲ. ಆ ತೊಂಬತ್ತು ಕೇಳಿ ಬಹಳ ಮಂದವೆಂದು ಹೆದರುವವರೂ ಇದ್ದಾರೆ. ಗೇರ್ ಎಣ್ಣೆಯ ಲೆಕ್ಕವೇ ಬೇರೆ. 100 ಡಿಗ್ರಿ ಕಾವಿನಲ್ಲಿ ಗೇರಿನ 90, ಎಂಜಿನ್ನಿನ 40, ಎರಡೂ ಹೆಚ್ಚುಕಡಿಮೆ ಒಂದೇ ಮಂದ.

ಅದೇ ಬ್ಯಾರಲ್ಲಿನಲ್ಲಿ ಇನ್ನೊಂದು ತೊಡಕೂ ಇತ್ತು. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಹಿಂದಿನ ಆಕ್ಸಲ್‌ಗೆ ಹೈಪಾಯ್ಡ್ ಗೇರು ಹಾಕಿತು. ಅದರ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಬರೀ ಎಣ್ಣೆ ಆ ಒತ್ತಡ ತಡೆಯಲಾರದೆಂದು ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸಿದರು. ಉಕ್ಕಿಗೆ ಅದು ರಕ್ಷೆ, ಹಿತ್ತಾಳೆಗೆ ಶತ್ರು. ಅಂಬಾಸಿಡರ್‌ನ ಹಿಂದಿನ ಆಕ್ಸಲ್ ಹೈಪಾಯ್ಡ್, ಗೇರ್ ಬಾಕ್ಸಿನೊಳಗೆ ಹಿತ್ತಾಳೆಯ ಬಳೆ. ಎರಡಕ್ಕೂ ಒಂದೇ ಎಣ್ಣೆ ಸುರಿಯುವ ಸೋಮಾರಿತನಕ್ಕೆ ಬಲಿಯಾದದ್ದು ಬಳೆ. ಈಗಿನ ಡಬ್ಬಿಗಳಲ್ಲಿ ಈ ವ್ಯತ್ಯಾಸ ಅಚ್ಚಾಗಿಯೇ ಇರುತ್ತದೆ: ಜಿಎಲ್-4 ಹದದ್ದು, ಜಿಎಲ್-5 ಖಾರದ್ದು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಆಟವೇ ಬದಲಾಯಿತು. ಗೇರ್ ಬಾಕ್ಸ್, ಹಿಂದಿನ ಆಕ್ಸಲ್ಲಿನಲ್ಲಿರುತ್ತಿದ್ದ ಡಿಫರೆನ್ಷಿಯಲ್ ಎರಡೂ ಮುಂದೆ ಒಂದೇ ಗೂಡಿನಲ್ಲಿ. ಹೈಪಾಯ್ಡ್ ಬೇಕೇ ಇಲ್ಲ, ತೆಳು ಎಣ್ಣೆ ಸಾಕು. ಹಗುರವಾಗಿ ಬೀಳುವ ಗೇರು ಕಂಡವರು ಹಳೇ ಗಾಡಿಗೂ ಆ ತೆಳು ಎಣ್ಣೆ ಹಾಕೋಣವೆಂದರು. ನಮ್ಮ ಗ್ಯಾರೇಜಿನ ಮೇಸ್ತ್ರಿ ಒಪ್ಪಲಿಲ್ಲ. "ಸವೆದ ಹಲ್ಲಿಗೆ ತೆಳು ಎಣ್ಣೆ ಹಾಕಿದ್ರೆ ಸೀಲಲ್ಲಿ ಸೋರುತ್ತೆ, ಗೇರು ಕೂಗುತ್ತೆ ಸಾರ್" ಎಂದರು. ಇದರ ತಲೆಕೆಳಗಿನ ಚಾಳಿಯೂ ಹಳೇ ಕಾರಿನ ವ್ಯಾಪಾರದಲ್ಲಿತ್ತು: ಮಾರುವ ಮುಂಚೆ ನೂರಾನಲವತ್ತು ನಂಬರ್ ಎಣ್ಣೆ ತುಂಬಿ ಸವೆದ ಗೇರಿನ ಕೂಗು ಅಡಗಿಸುವುದು. ಮಧ್ಯಾಹ್ನ ನೋಡಿ ಕೊಂಡವನಿಗೆ ಮಾಗಿಯ ಬೆಳಗ್ಗೆ ಗುಟ್ಟು ತಿಳಿಯುತ್ತಿತ್ತು, ಗೇರ್ ಲಿವರ್ ಅಲುಗುತ್ತಿರಲಿಲ್ಲ.

ಈಗ ಹೊರದೇಶದ ಸಲಹೆ ಕೇಳಿ 75ಡಬ್ಲ್ಯು ಹುಡುಕುವವರಿದ್ದಾರೆ. ಅದು ಮೈನಸ್ 40 ಡಿಗ್ರಿಯಲ್ಲಿ ಅಳೆದ ಹದ, 80ಡಬ್ಲ್ಯು ಮೈನಸ್ 26ರಲ್ಲಿ ಅಳೆದದ್ದು. ನಮ್ಮ ಜನವರಿಯ ಬೆಳಗು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. 1884ರ ಆ ದಿನವೂ ಸೊನ್ನೆಗೆ ಏಳೂಮುಕ್ಕಾಲು ಡಿಗ್ರಿ ಬಾಕಿಯಿತ್ತು. ಈ ಊರಲ್ಲಿ ಎಣ್ಣೆಯನ್ನು ಆರಿಸಿದ್ದು ಹವೆಯಲ್ಲ. ಲೋಹ, ಸವೆತ, ಮತ್ತು ಬ್ಯಾರಲ್ಲಿನಲ್ಲಿ ಸಿಗುತ್ತಿದ್ದ ಸರಕು.

ಹಾಗಾಗಿ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ನಾನು ಕೇಳುವುದು 80ಡಬ್ಲ್ಯು-90, ಜಿಎಲ್-4. ಕಾವಿನಲ್ಲಿ ಹಳೇ ತೊಂಬತ್ತರಷ್ಟೇ ಮಂದ, ನಸುಕಿನಲ್ಲಿ ಅದಕ್ಕಿಂತ ಸಡಿಲ, ಹಿತ್ತಾಳೆಗೆ ಕೇಡಿಲ್ಲ. ಜಿಎಲ್-5 ಮಾತ್ರ ಇದೆ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತೇನೆ. ಉಳಿದ ತಕರಾರಿಗೆ ಗಾಡಿಯನ್ನು ಸೌತ್ ಎಂಡ್‌ವರೆಗೆ ನಿಧಾನ ಓಡಿಸುವುದೇ ಮದ್ದು, ಅದಕ್ಕೆ ಕಾಸು ಬೇಡ.