ಜೈಸಲ್ಮೇರ್: ಥಾರ್ ಮರುಭೂಮಿಯ ರಾಜಧಾನಿ

ರಾಜಸ್ಥಾನದ ಪಶ್ಚಿಮದ ಅಂಚಿನಲ್ಲಿರುವ ಕೋಟೆ ನಗರ. ಭಾಟಿ ರಜಪೂತರ ಅರಸ ರಾವಲ್ ಜೈಸಲ್ 1156ರಲ್ಲಿ ಇದನ್ನು ಕಟ್ಟಿಸಿದ. 1949ರಲ್ಲಿ ಸಂಸ್ಥಾನ ರಾಜಸ್ಥಾನದಲ್ಲಿ ವಿಲೀನಗೊಳ್ಳುವವರೆಗೆ, ಹತ್ತಿರಹತ್ತಿರ 800 ವರ್ಷ, ಅದೇ ವಂಶದ ರಾಜಧಾನಿಯಾಗಿತ್ತು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್, ಎಷ್ಟೋ ವರ್ಷ ಅಷ್ಟೂ ಇಲ್ಲ. ಆಳಕ್ಕೆ ಅಗೆದರೆ ಬಹಳ ಕಡೆ ಸಿಗುವುದು ಉಪ್ಪುನೀರು. ಪ್ರವಾಸಿಗಳು ಸಂಜೆ ಬಿಸಿಲಲ್ಲಿ ಹೊಳೆಯುವ ಹಳದಿ ಕಲ್ಲನ್ನು ನೋಡಲು ಬರುತ್ತಾರೆ. ಆ ಕಲ್ಲು ಸುಂದರವೇ ಸರಿ, ಆದರೆ ಈ ಊರಿನ ನಿಜವಾದ ಸಾಧನೆ ನೀರನ್ನು ಕಾಪಾಡಿಕೊಂಡ ವಿದ್ಯೆ. ಅರಮನೆ, ಹವೇಲಿ, ವ್ಯಾಪಾರ ಎಲ್ಲವೂ ಅದರ ಮೇಲೆ ನಿಂತವು.

ಭಾಟಿಗಳ ಹಿಂದಿನ ರಾಜಧಾನಿ ಲೋದ್ರವಾ, ವಾಯವ್ಯಕ್ಕೆ ಸುಮಾರು 15 ಕಿ.ಮೀ. ದೂರದ ಬಯಲಿನ ಊರು. ದಾಳಿಕೋರರಿಗೆ ಸುಲಭವಾಗಿ ಸಿಗುತ್ತಿದ್ದ ಆ ಜಾಗ ಬಿಟ್ಟು ಜೈಸಲ್ ತ್ರಿಕೂಟವೆಂಬ ಗುಡ್ಡವನ್ನು ಆರಿಸಿಕೊಂಡ. ಸುತ್ತಲಿನ ಬಯಲಿನಿಂದ ಸುಮಾರು 76 ಮೀಟರ್ ಎತ್ತರದಲ್ಲಿರುವ ಕೋಟೆಗೆ 99 ಬುರುಜುಗಳಿವೆ. ಏರುದಾರಿಯಲ್ಲಿ ಒಂದರ ಹಿಂದೊಂದು ನಾಲ್ಕು ಬಾಗಿಲು: ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್. ಭಾಟಿ ಪರಂಪರೆ ಈ ಕೋಟೆಯ 'ಎರಡೂವರೆ ಶಾಕಾ'ಗಳನ್ನು ನೆನೆಯುತ್ತದೆ. ಗಂಡಸರು ಕೊನೆಯ ಕಾಳಗಕ್ಕಿಳಿದು, ಹೆಂಗಸರು ಬೆಂಕಿಗೆ ಬಿದ್ದ ದುರಂತಗಳು ಎರಡು. ಮೂರನೆಯದರಲ್ಲಿ ಚಿತೆ ಹೊತ್ತಿಸುವಷ್ಟೂ ಹೊತ್ತು ಸಿಗಲಿಲ್ಲವಾದ್ದರಿಂದ ಅದು ಅರ್ಧ.

ಇಲ್ಲಿ ನೀರೂ ಆಯುಧವೇ ಆಗಿತ್ತು. ಶೇರ್ ಷಾನಿಗೆ ಸೋತು ಅಲೆಯುತ್ತಿದ್ದ ಹುಮಾಯೂನ್ 1542ರಲ್ಲಿ ಈ ಸೀಮೆಯನ್ನು ಹಾದುಹೋದಾಗ, ಅವನ ಕಡೆಯವರು ಹಸುಗಳನ್ನು ಕೊಂದರೆಂದು ಸಿಟ್ಟಾದ ಜೈಸಲ್ಮೇರಿನವರು ದಾರಿಯ ಬಾವಿಗಳಿಗೆ ಮರಳು ತುಂಬಿಸಿದರು. ಅದನ್ನು ಬರೆದಿಟ್ಟವನು ಜೌಹರ್ ಆಫ್ತಾಬ್‌ಚಿ, ಬಾದಶಹನ ಕೈಗೆ ನೀರೆರೆಯುವ ಹೂಜಿ ಹಿಡಿಯುತ್ತಿದ್ದ ಸೇವಕ. ಮುಂದೆ 1570ರಲ್ಲಿ ರಾವಲ್ ಹರರಾಜ್ ಅಕ್ಬರನೊಡನೆ ನೆಂಟಸ್ತನ ಬೆಳೆಸಿ ಹಗೆ ಮುಗಿಸಿದ.

ಊರಿಗೆ ಕುಡಿಯುವ ನೀರು ಕೊಟ್ಟದ್ದು ಗಡೀಸರ್ ಕೆರೆ. 14ನೆಯ ಶತಮಾನದಲ್ಲಿ ರಾವಲ್ ಘಡಸಿ ಕಟ್ಟಿಸಿದ ಇದರ ದಡದಲ್ಲಿ ಗುಡಿಗಳು, ಮಂಟಪಗಳು, ಮೆಟ್ಟಿಲುಗಳು ಸಾಲಾಗಿವೆ. ಆದರೆ ಕೆರೆಯ ಜೀವ ಇರುವುದು ಹೊರಗಿನ ಬಯಲಲ್ಲಿ. 'ಆಗೋರ್' ಎಂದು ಕರೆಯುವ ಆ ವಿಶಾಲ ನೆಲದ ಮೇಲೆ ಬಿದ್ದ ಮಳೆಯೆಲ್ಲ ಕೆರೆಗೆ ಹರಿದು ಬರಬೇಕು. ಅದನ್ನು ಹೊಲಸು ಮಾಡಬಾರದು ಎಂಬ ಕಟ್ಟುಪಾಡು ಊರಿಗೆ ಊರೇ ಪಾಲಿಸಿದ್ದು. ಕೆರೆ ತುಂಬಿ ಕೋಡಿ ಬಿದ್ದ ನೀರೂ ದಂಡವಾಗುತ್ತಿರಲಿಲ್ಲ. ಗೋವಿಂದಸರ್, ಗುಲಾಬ್‌ಸರ್, ಸುದಾಸರ್, ರತನ್‌ಸರ್ ಮುಂತಾದ ಕೆಳಗಿನ ಕೆರೆಗಳಿಗೆ ಒಂದರಿಂದೊಂದಕ್ಕೆ ಸಾಗುತ್ತಿತ್ತು. ಅಂಗಳ ಒಣಗಿದ ಮೇಲೂ ಅಲ್ಲೇ ಬೇರಿಗಳನ್ನು, ಅಂದರೆ ಚಿಕ್ಕ ಬಾವಿಗಳನ್ನು ತೋಡಿ ಇಂಗಿದ ನೀರನ್ನು ಎತ್ತುತ್ತಿದ್ದರು. ಈ ಸರಣಿಯ ವಿವರಗಳನ್ನು ಅನುಪಮ್ ಮಿಶ್ರ ತಮ್ಮ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಪುಸ್ತಕದಲ್ಲಿ ಒಟ್ಟುಗೂಡಿಸಿದ್ದಾರೆ. ನಮ್ಮ ಬಯಲುಸೀಮೆಯ ಕೆರೆಸರಣಿಗಳ ನಡುವೆ ಬೆಳೆದವರಿಗೆ ಅದರ ಲೆಕ್ಕಾಚಾರ ತಕ್ಷಣ ಅರ್ಥವಾಗುತ್ತದೆ.

ಮರಳುಗಾಡಿನ ಜನ ನೀರನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮಳೆಯಿಂದ ಬಂದು ಹಳ್ಳ, ಕೆರೆಗಳಲ್ಲಿ ನಿಲ್ಲುವುದು 'ಪಾಲರ್ ಪಾನಿ'. ಆಳದ ಬಾವಿಯಲ್ಲಿ ಸಿಗುವುದು 'ಪಾತಾಳ ಪಾನಿ'. ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ಉಳಿಯುವುದು 'ರೇಜಾಣಿ ಪಾನಿ'. ಮೂರನೆಯದು ಎಲ್ಲ ಕಡೆ ಸಿಗುವಂಥದ್ದಲ್ಲ. ನೆಲದಡಿಯಲ್ಲಿ ಜಿಪ್ಸಮ್ಮಿನ ಪದರ ಹಾಸಿರುವಲ್ಲಿ ಮಾತ್ರ ಮಳೆನೀರು ಕೆಳಗಿನ ಉಪ್ಪುನೀರಿಗೆ ಸೇರದೆ ಮೇಲೆಯೇ ತಡೆದು ನಿಲ್ಲುತ್ತದೆ. ಆ ತೇವವನ್ನು ಹನಿಹನಿಯಾಗಿ ಹಿಡಿಯಲು ತೋಡುವ ಕಿರಿಬಾಯಿಯ ಬಾವಿಯೇ ಕುಈ. ತೋಡುವವನು ತಲೆಗೆ ಲೋಹದ ಪಾತ್ರೆಯೊಂದನ್ನು ಮಗುಚಿ ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತು, ಗಿಡ್ಡ ಹಿಡಿಯ ಹತಾರದಿಂದ ಅಗೆಯುತ್ತಾನೆ; ಗುದ್ದಲಿ ಬೀಸುವಷ್ಟು ಜಾಗ ಅಲ್ಲಿಲ್ಲ. ಒಳಗಿನ ಸೆಕೆಗೆ ಉಸಿರು ಕಟ್ಟದಿರಲೆಂದು ಮೇಲಿನವರು ಆಗಾಗ ಹಿಡಿಮರಳನ್ನು ಬಿರುಸಾಗಿ ಎಸೆಯುತ್ತಾರೆ. ಅದರೊಡನೆ ತಾಜಾ ಗಾಳಿ ಕೆಳಗಿಳಿದು, ಬಿಸಿಗಾಳಿ ಮೇಲೇಳುತ್ತದೆ. ಮರಳು ಕುಸಿಯದಂತೆ ಒಳಗೋಡೆಗೆ ಖೀಂಪ್ ಎಂಬ ಗಿಡದ ನಾರಿನ ದಪ್ಪ ಹಗ್ಗವನ್ನು ಸುತ್ತುಸುತ್ತಾಗಿ ಬಿಗಿಯುವುದೂ ಉಂಟು. ಇಷ್ಟೆಲ್ಲ ಮಾಡಿದ ಮೇಲೆ ದಿನಕ್ಕೆ ಸಿಗುವುದು ಎರಡು ಮೂರು ಕೊಡ ಸಿಹಿನೀರು. ಆದರೆ ಬೇಸಗೆಯಲ್ಲೂ ಅದು ಸಿಗುತ್ತದೆ.

ಅನ್ನದ ದಾರಿ ತೋರಿದವರು ಪಾಲಿಯಿಂದ ಬಂದು ನೆಲೆಸಿದ ಪಾಲಿವಾಲ್ ಬ್ರಾಹ್ಮಣರು. ಅವರು ಬಳಸಿದ 'ಖಡೀನ್' ಪದ್ಧತಿಯಲ್ಲಿ ಕಲ್ಲುಗುಡ್ಡದಿಂದ ಇಳಿದುಬರುವ ಮಳೆನೀರನ್ನು ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಒಡ್ಡು ಹಾಕಿ ನಿಲ್ಲಿಸುತ್ತಾರೆ. ನೀರು ಇಂಗಿ, ಚಳಿಗಾಲದ ಹೊತ್ತಿಗೆ ಹದವಾದ ನೆಲದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಹಾಯಿಸುವ ಕೆಲಸವೇ ಇಲ್ಲ. ನೀರಿನ ಚಲನೆಯಿಂದ ನೆಲದ ಉಪ್ಪು ಮೇಲುಳಿಯದೆ ಒಡ್ಡಿನಾಚೆಗೆ ಇಳಿದುಹೋಗುತ್ತದೆ. 19ನೆಯ ಶತಮಾನದಲ್ಲಿ ಪಾಲಿವಾಲರು ಕುಲಧರಾ ಮೊದಲಾದ ಊರುಗಳನ್ನು ತೊರೆದರು. ದಿವಾನ ಸಾಲಿಮ್ ಸಿಂಗನ ಕಾಟಕ್ಕೆ ಒಂದೇ ರಾತ್ರಿಯಲ್ಲಿ ಹೊರಟುಹೋದರು, ಹೋಗುವಾಗ ಶಾಪ ಹಾಕಿದರು ಎಂಬ ಕಥೆ ಇಂದು ಪ್ರವಾಸಿಗಳನ್ನು ಸೆಳೆಯುತ್ತದೆ. ತೆರಿಗೆಯ ಹೊರೆ, ಬತ್ತಿದ ಬಾವಿಗಳು, ಸೊರಗಿದ ವ್ಯಾಪಾರ ಸೇರಿ ಜನರನ್ನು ಕದಲಿಸಿದವೆಂಬುದೇ ಹೆಚ್ಚು ನಂಬಲರ್ಹ. ಭೂತದ ಊರೆಂದು ಹೆಸರಾಗಿರುವ ಆ ಕುಲಧರಾ, ಮೂಲತಃ ಮರುಭೂಮಿಯಲ್ಲಿ ಗೋಧಿ ಬೆಳೆದವರ ಊರು.

ಹಣ ಬಂದದ್ದು ಒಂಟೆಗಳ ಸಾಲಿನಿಂದ. ಗುಜರಾತ್, ಮಾಳವ, ದೆಹಲಿಗಳನ್ನು ಸಿಂಧ್ ಮತ್ತು ಮುಲ್ತಾನಿಗೆ ಜೋಡಿಸುವ ದಾರಿಗಳು ಇಲ್ಲಿ ಹಾಯುತ್ತಿದ್ದವು. ರೇಷ್ಮೆ, ನೀಲಿ, ಒಣಹಣ್ಣು, ಅಫೀಮು ಸಾಗುತ್ತಿದ್ದವು, ಸಂಸ್ಥಾನ ಸುಂಕ ಎತ್ತುತ್ತಿತ್ತು. ಮಾಳವದ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿಯ ಕಣ್ಣು ತಪ್ಪಿಸಿ ಕರಾಚಿಗೆ ಒಯ್ಯಲು ಈ ಮರಳದಾರಿ ಬಹಳ ಅನುಕೂಲವಾಗಿತ್ತು. ಆ ಕಾಲದ ಸಿರಿ ಪಟವಾ ಮನೆತನದ ಐದು ಹವೇಲಿಗಳಲ್ಲಿ ಕಾಣುತ್ತದೆ. ಮೊದಲನೆಯದನ್ನು ಗುಮಾನ್ ಚಂದ್ ಪಟವಾ 1805ರಲ್ಲಿ ಆರಂಭಿಸಿದ. ಮರದಲ್ಲಿ ಕೆತ್ತುವಷ್ಟು ಸೂಕ್ಷ್ಮವಾಗಿ ಕಲ್ಲಿನಲ್ಲಿ ಜಾಲಂದ್ರ ಕೊರೆದಿದ್ದಾರೆ. ಬಿಸಿಲು ತಡೆದು ಗಾಳಿ ಬಿಡುವ ಆ ತೂತುಗಳು, ಮುಂಚಾಚಿದ ಝರೋಕಾಗಳು, ಎದುರುಬದುರು ಮನೆಗಳ ನೆರಳು ಬೀಳುವ ಇಕ್ಕಟ್ಟು ಓಣಿಗಳು ಸೆಕೆಯನ್ನು ತಾಳುವಂತೆ ಮಾಡಿದವು. 1885ರ ನಥಮಲ್ ಹವೇಲಿಯ ಎಡಬಲಗಳನ್ನು ಹಾಥಿ ಮತ್ತು ಲುಲು ಎಂಬ ಮುಸ್ಲಿಂ ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಪಾಲು ಕೆತ್ತಿದರೆಂಬ ಮಾತಿದೆ. ದೂರದಿಂದ ಎರಡೂ ಒಂದೇ. ಹತ್ತಿರ ನಿಂತರೆ ಒಂದರ ಹೂವು ಇನ್ನೊಂದರದ್ದಲ್ಲ.

ಒಣಹವೆ ಇನ್ನೊಂದು ಸಂಪತ್ತನ್ನೂ ಉಳಿಸಿತು. ಕೋಟೆಯ ಜೈನ ಬಸದಿಗಳಡಿಯಲ್ಲಿ ಜಿನಭದ್ರ ಸೂರಿ 15ನೆಯ ಶತಮಾನದಲ್ಲಿ ನೆಲೆಗೊಳಿಸಿದ ಜ್ಞಾನಭಂಡಾರದಲ್ಲಿ 11ನೆಯ ಶತಮಾನದಷ್ಟು ಹಳೆಯ ತಾಳೆಗರಿಗಳಿವೆ. ಕ್ರಿ.ಶ. 779ರಲ್ಲಿ ಉದ್ದ್ಯೋತನ ಸೂರಿ ರಚಿಸಿದ ಪ್ರಾಕೃತ ಕಥೆ 'ಕುವಲಯಮಾಲಾ'ವನ್ನು ಬೆಳಗಾವಿ ಜಿಲ್ಲೆಯ ಸದಲಗದವರಾದ ಆ. ನೇ. ಉಪಾಧ್ಯೆ ಸಂಪಾದಿಸಿದಾಗ, ಆಧಾರವಾಗಿ ಒದಗಿದ ಎರಡು ಪ್ರತಿಗಳಲ್ಲಿ ಒಂದು ಜೈಸಲ್ಮೇರಿನ ತಾಳೆಗರಿ.

1818ರಲ್ಲಿ ಮಹಾರಾವಲ್ ಮೂಲರಾಜ್ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡ. 1843ರಲ್ಲಿ ಸಿಂಧ್ ಅವರ ವಶವಾಗಿ ಅಫೀಮಿನ ದಾರಿ ಮುಚ್ಚಿತು. ಮುಂಬಯಿ ಬಂದರು, ರೈಲು ಬೆಳೆದಂತೆ ಸಾಹುಕಾರರು ಗಂಟುಮೂಟೆ ಕಟ್ಟಿದರು. 1947ರ ಗಡಿರೇಖೆ ಉಳಿದ ದಾರಿಗಳನ್ನೂ ಕಡಿದುಹಾಕಿತು. 1965, 1971ರ ಯುದ್ಧಗಳಿಂದ ಸೇನೆಯ ಊರಾಗಿ, 1960ರ ದಶಕದ ಕೊನೆಗೆ ರೈಲು ಬಂದು, ಸತ್ಯಜಿತ್ ರಾಯ್ ಅವರ 1974ರ 'ಸೋನಾರ್ ಕೆಲ್ಲಾ' ಚಿತ್ರದಿಂದ ಹೆಸರಾಗಿ, ಇದು ಮತ್ತೆ ಜನ ಹುಡುಕಿಬರುವ ಊರಾಯಿತು. 2013ರಲ್ಲಿ ಕೋಟೆಯು ರಾಜಸ್ಥಾನದ ಇತರ ಗಿರಿದುರ್ಗಗಳೊಂದಿಗೆ ವಿಶ್ವಪರಂಪರೆಯ ಪಟ್ಟಿ ಸೇರಿತು. ಕೋಟೆಯೊಳಗೆ ಇಂದಿಗೂ ಸಾವಿರಾರು ಜನ ವಾಸವಾಗಿದ್ದಾರೆ.

ಈಗಿನ ಆತಂಕ ನೀರಿನ ಕೊರತೆಯದ್ದಲ್ಲ, ಸೋರಿಕೆಯದ್ದು. ಕೊಡ ಹೊತ್ತು ತಂದ ನೀರಿನಲ್ಲಿ ಸಂಸಾರ ಸಾಗಿಸುತ್ತಿದ್ದ ಮನೆಗಳಿಗೆ ನಲ್ಲಿ ಬಂತು, ಶೌಚಾಲಯ ಬಂತು, ಅತಿಥಿಗೃಹಗಳು ಹೆಚ್ಚಿದವು. ಮಳೆನೀರನ್ನು ನಾಲ್ಕು ದಿಕ್ಕಿಗೆ ಬೇಗ ಹೊರಗೆ ಸಾಗಿಸಲೆಂದು ಹಳಬರು ಕಟ್ಟಿದ್ದ 'ಘುಟ್ ನಾಲಿ' ಕಾಲುವೆಗಳು ಒತ್ತುವರಿಯಾದವು, ಹೂತುಹೋದವು. ಗುಡ್ಡದೊಳಗಿನ ಜೇಡಿ ಪದರಗಳು ನೀರು ಕುಡಿದು ಸಡಿಲಗೊಂಡವು. 1990ರ ದಶಕದಲ್ಲಿ ಕೆಲವು ಬುರುಜುಗಳೇ ಕುಸಿದವು. 1996ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಕೋಟೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ ಗೋಡೆಗಳ ದುರಸ್ತಿ ನಡೆದಿದೆ, ಹೊಸ ಕೊಳವೆಗಳು ಬಂದಿವೆ. ಆದರೆ ಗೋಡೆ ಎಷ್ಟೇ ಭದ್ರ ಮಾಡಿದರೂ ಮನೆಮನೆಯ ಬಚ್ಚಲುನೀರು ಗುಡ್ಡದಿಂದ ಹೊರಗೆ ಇಳಿಯದ ಹೊರತು ಬುರುಜು ನಿಲ್ಲುವುದಿಲ್ಲ. ಘುಟ್ ನಾಲಿಗಳನ್ನು ತೆರೆಯುವ ಕೆಲಸ ಮೊದಲು ಆಗಬೇಕಾದ್ದು.