ಲಂಡನ್ನಿನ ಸೇಂಟ್ ಪೀಟರ್ಸ್ ಇಟಾಲಿಯನ್ ಚರ್ಚ್

ಲಂಡನ್ ನಗರದ ಕ್ಲಾರ್ಕನ್‌ವೆಲ್ ಪ್ರದೇಶದಲ್ಲಿರುವ ಸೇಂಟ್ ಪೀಟರ್ಸ್ ಚರ್ಚ್, ಇಟಲಿಯಿಂದ ವಲಸೆ ಬಂದವರಿಗಾಗಿ ನಿರ್ಮಾಣಗೊಂಡ ಕ್ಯಾಥೊಲಿಕ್ ದೇವಾಲಯ. 1863ರ ಏಪ್ರಿಲ್ 16ರಂದು ಉದ್ಘಾಟನೆಗೊಂಡ ಈ ಚರ್ಚು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಆ ಸಮುದಾಯದ ಏಳುಬೀಳುಗಳಿಗೆ ಸಾಕ್ಷಿಯಾಗಿದೆ.

ವಲಸಿಗರ ಕೇರಿ

19ನೇ ಶತಮಾನದ ಮೊದಲಾರ್ಧದಲ್ಲಿ ಬಡತನದಿಂದ ಬೇಸತ್ತು ಇಟಲಿಯ ಹಳ್ಳಿಗಳನ್ನು ತೊರೆದ ಅನೇಕರು ಇಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ನೆಲೆಸಿದರು. ಬೀದಿಯಲ್ಲಿ ವಾದ್ಯಪೆಟ್ಟಿಗೆ ನುಡಿಸುವುದು, ಗಚ್ಚಿನ ಬೊಂಬೆಗಳ ಮಾರಾಟ, ಚಾಕುಗಳಿಗೆ ಸಾಣೆ ಹಿಡಿಯುವುದು, ಮುಂದೆ ಐಸ್‌ಕ್ರೀಂ ವ್ಯಾಪಾರ ಅವರ ಜೀವನೋಪಾಯಗಳಾಗಿದ್ದವು. ಇಟಲಿಯ ಏಕೀಕರಣಕ್ಕಾಗಿ ಹೋರಾಡಿ ದೇಶಭ್ರಷ್ಟನಾಗಿದ್ದ ಜುಸೆಪ್ಪೆ ಮ್ಯಾಝಿನಿ, ಇವರ ಮಕ್ಕಳು ಮತ್ತು ಕಾರ್ಮಿಕರಿಗಾಗಿ 1841ರಲ್ಲಿ ಸಮೀಪದ ಹ್ಯಾಟನ್ ಗಾರ್ಡನ್‌ನಲ್ಲಿ ಉಚಿತ ಶಾಲೆ ತೆರೆದಿದ್ದ.

ನಿರ್ಮಾಣ

ಇಟಾಲಿಯನ್ನರಿಗೆ ಪ್ರತ್ಯೇಕ ಚರ್ಚು ಬೇಕೆಂಬ ಆಲೋಚನೆ ರೋಮ್‌ನ ಪಾದ್ರಿ ವಿನ್ಸೆಂಟ್ ಪಲ್ಲೊಟ್ಟಿ ಅವರದು. 1850ರಲ್ಲಿ ಅವರು ನಿಧನರಾದ ಬಳಿಕ, ಅವರು ಸ್ಥಾಪಿಸಿದ ಪಂಗಡದ ಪಾದ್ರಿಗಳು ಕಾರ್ಯವನ್ನು ಪೂರ್ಣಗೊಳಿಸಿದರು. ವಾಸ್ತುಶಿಲ್ಪಿ ಜಾನ್ ಮಿಲ್ಲರ್ ಬ್ರೈಸನ್, ರೋಮ್‌ನ ಸ್ಯಾನ್ ಕ್ರಿಸೊಗೊನೊ ಬೆಸಿಲಿಕಾವನ್ನು ಮಾದರಿಯಾಗಿರಿಸಿಕೊಂಡು ಕಟ್ಟಡ ರೂಪಿಸಿದರು. 1880ರ ದಶಕದಲ್ಲಿ ಆರಂಭವಾದ ಮೌಂಟ್ ಕಾರ್ಮೆಲ್ ಮಾತೆಯ ಉತ್ಸವದ ಮೆರವಣಿಗೆ, ಜುಲೈ ತಿಂಗಳಿನಲ್ಲಿ ಈ ಬೀದಿಗಳಲ್ಲಿ ಸಾಗುವುದು ಇಲ್ಲಿನ ಸಂಪ್ರದಾಯ.

ಯುದ್ಧದ ಗಾಯ

1940ರ ಜೂನ್ 10ರಂದು ಇಟಲಿಯು ಬ್ರಿಟನ್ ವಿರುದ್ಧ ಯುದ್ಧ ಸಾರಿದೊಡನೆ, ನಿನ್ನೆಯವರೆಗಿನ ನೆರೆಹೊರೆಯವರು ಶತ್ರುದೇಶದವರೆನಿಸಿದರು. ದಶಕಗಳಿಂದ ಅಲ್ಲಿಯೇ ಕೆಫೆ, ಹೋಟೆಲುಗಳಲ್ಲಿ ದುಡಿಯುತ್ತಿದ್ದವರನ್ನೂ ಬಂಧಿಸಲಾಯಿತು. ಬಂಧಿತರನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ‘ಅರಂಡೋರಾ ಸ್ಟಾರ್’ ಹಡಗನ್ನು ಜುಲೈ 2ರಂದು ಐರ್ಲೆಂಡ್‌ನ ವಾಯವ್ಯಕ್ಕೆ ಜರ್ಮನಿಯ ಜಲಾಂತರ್ಗಾಮಿ ನೌಕೆ ಮುಳುಗಿಸಿತು. 440ಕ್ಕೂ ಹೆಚ್ಚು ಇಟಾಲಿಯನ್ನರು ಜಲಸಮಾಧಿಯಾದರು. ಮುಸೊಲಿನಿಯ ಆಡಳಿತವನ್ನು ಬಹಿರಂಗವಾಗಿ ವಿರೋಧಿಸಿದ್ದ ಡೆಚಿಯೊ ಅಂಝಾನಿ ಕೂಡ ಮೃತರಲ್ಲಿ ಒಬ್ಬರು. ಬಂಧಿಸುವಾಗ ಮಿತ್ರರಾರು, ಶತ್ರುಗಳಾರು ಎಂಬ ವಿವೇಚನೆ ನಡೆದಿರಲಿಲ್ಲ ಎಂಬುದಕ್ಕೆ ಇದೇ ನಿದರ್ಶನ.

ಇಂದು

ಆ ದುರಂತದ ಸ್ಮಾರಕವನ್ನು 1960ರಲ್ಲಿ ಚರ್ಚಿನ ಮುಖಮಂಟಪದಲ್ಲಿ ಸ್ಥಾಪಿಸಲಾಯಿತು. ಬ್ರಿಟನ್ ಮತ್ತು ಇಟಲಿ ಮಿತ್ರರಾಷ್ಟ್ರಗಳಾಗಿದ್ದ ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಈ ಸಮುದಾಯದವರ ಸ್ಮಾರಕವೂ ಅದೇ ಮಂಟಪದಲ್ಲಿದೆ. ಹಳೆಯ ಕೇರಿಯ ಕುಟುಂಬಗಳು ನಗರದ ನಾನಾ ಭಾಗಗಳಿಗೆ ಚದುರಿಹೋಗಿದ್ದರೂ ಇಟಾಲಿಯನ್ ಭಾಷೆಯ ಪೂಜೆ ಇಲ್ಲಿ ನಿಂತಿಲ್ಲ. ಒಳಗೆ ಹೋಗುವವರು ಆ ಎರಡೂ ಸ್ಮಾರಕಗಳನ್ನು ದಾಟಿಯೇ ಹೋಗಬೇಕು.